ಐದನೇ ಮೊಳೆಯ ಕೀಲಿ

"ಎಷ್ಟು ದಿನ ಇರ್ತೀರಾ?"

ಎರಡು ವರ್ಷದ ಮೇಲೆ ಎದುರಾದ ಮನುಷ್ಯನ ಬಾಯಿಂದ ಬಂದ ಮೊದಲ ಮಾತು ಇದು!

ಅವಳಿಗೆ ಬಂದ ದಾರಿಯಲ್ಲೇ ವಾಪಸ್ ಹೋಗಿಬಿಡೋಣ ಅನ್ನಿಸಿತು. ಹದಿನಾಲ್ಕು ಗಂಟೆ ರೈಲಿನಲ್ಲಿ ಕೂತು ಸೊಂಟ ಹಿಡಿದುಕೊಂಡಿತ್ತು, ಕಾಲು ಊದಿತ್ತು. ಹನ್ನೊಂದು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನಿಂತೇ ಕಳೆದ ನರ್ಸ್ ಅವಳು. ಆ ದಣಿವಿನ ಮಾತು ಬೇರೆಯೇ.

"ನಾಡಿದ್ದು ಬೆಳಿಗ್ಗೆ ಹನ್ನೊಂದರ ರೈಲಿಗೆ ಹೊರಡ್ತೀನಿ."

"ಅಷ್ಟೇನಾ..." ಅವನ ಮುಖ ಇಷ್ಟೇ ಇಷ್ಟಾಯಿತು. ಅವಳು ಅವನ ವಸತಿಗೃಹದ ರಿಜಿಸ್ಟರಿನಲ್ಲಿ ಸಹಿ ಹಾಕುತ್ತಿದ್ದಳು. ನೋಡಲೇ ಇಲ್ಲ, ಪುಣ್ಯಾತ್ಗಿತ್ತಿ!

ಅವನ ತಾಯಿ ಕೊನೆಯ ಇಪ್ಪತ್ತೆರಡು ದಿನ ಇದ್ದದ್ದು ಅವಳ ವಾರ್ಡಿನಲ್ಲಿ. ಎಲ್ಲ ಮುಗಿದ ಮೇಲೆ, ಬಾಗಿಲ ಬಳಿ ನಿಂತು ಅವನು ಹೇಳಿದ್ದ. "ಸಿಸ್ಟರ್, ಎಲ್ಲರನ್ನೂ ನೀವು ನೋಡ್ಕೋತೀರಿ. ನಿಮ್ಮನ್ನ ಯಾರು ನೋಡ್ಕೋತಾರೆ? ಒಂದ್ಸಲ ನಮ್ಮ ರಾಜಧಾನಿಗೆ ಬನ್ನಿ. ತುಂಬಾ ಶಾಂತವಾದ ಊರು. ಹಾಯಾಗಿ ನಿದ್ದೆ ಮಾಡಬಹುದು."

ಆಮೇಲೆ ವಾರಕ್ಕೊಂದು ಮೆಸೇಜ್. "ಊಟ ಆಯ್ತಾ?" ಅದಕ್ಕಿಂತ ಒಂದಕ್ಷರ ಮುಂದೆ ಹೋಗಿರಲಿಲ್ಲ.

ಅವಳ ಅಕ್ಕನಿಗೆ ತಾಳ್ಮೆ ಕೆಟ್ಟಿತ್ತು. "ಇನ್ನೂ ಸಿಸ್ಟರ್ ಅಂತಾನೇ ಕರೀತಾನಾ? ಆಯ್ತು ಬಿಡು! ಹೋಗಿ ಎದುರಿಗೇ ನೋಡು. ಈ ಮೂರು ದಿನದಲ್ಲಿ ಬಾಯಿ ಬಿಟ್ರೆ ಸರಿ, ಇಲ್ಲಾಂದ್ರೆ ಆ ನಂಬರ್ ಅಳಿಸಿಬಿಡು. ನನ್ನಾಣೆ!"

ಆ ಆಣೆಯನ್ನು ಹೊತ್ತುಕೊಂಡೇ ಅವಳು ಬಂದಿದ್ದಳು.

"ಸಂಜೆ ಏಳಕ್ಕೆ ಊಟಕ್ಕೆ ಕರೀತೀನಿ" ಎಂದು ಅವನು ಐದನೇ ರೂಮಿನ ಕೀಲಿ ಕೊಟ್ಟ. ಆರು ರೂಮಿನ ಆ ಪುಟ್ಟ ವಸತಿಗೃಹವನ್ನು ಅವನೊಬ್ಬನೇ ನಡೆಸುತ್ತಿದ್ದ. ಮೇಜಿನ ಹಿಂದೆ ಒಂದು ಹಲಗೆ, ಅದರಲ್ಲಿ ಆರು ಮೊಳೆ. ಕೀಲಿ ಮೊಳೆಯಲ್ಲಿದ್ದರೆ ಅತಿಥಿ ಹೊರಗಿದ್ದಾರೆ, ಮೊಳೆ ಖಾಲಿಯಿದ್ದರೆ ಒಳಗಿದ್ದಾರೆ. ಅವನ ಅಪ್ಪನ ಕಾಲದಿಂದಲೂ ಇದೇ ಪದ್ಧತಿ.

ಅವಳು ರೂಮಿನಲ್ಲಿ ಪೆಟ್ಟಿಗೆ ಇಟ್ಟು, ಕೀಲಿಯನ್ನು ಮೊಳೆಗೆ ಹಾಕಿ ಊರು ನೋಡಲು ಹೊರಟಳು. ಹೆಸರಿಗೆ ದೇಶದ ರಾಜಧಾನಿ, ಆದರೆ ಸರ್ಕಾರ ಕಟ್ಟಿಸಿದಷ್ಟು ಜನ ಬಂದು ನೆಲೆಸಿರಲೇ ಇಲ್ಲ! ಹತ್ತು ಬಸ್ಸು ಒಟ್ಟಿಗೆ ಹೋಗುವಷ್ಟು ಅಗಲದ ರಸ್ತೆಯಲ್ಲಿ ಒಂದು ಸೈಕಲ್ ಹೋಗುತ್ತಿತ್ತು. ಸಂಸತ್ ಭವನದ ಗೇಟಿನಲ್ಲಿ ಪೊಲೀಸಿನವನೊಬ್ಬ ಆಕಳಿಸುತ್ತ ನಿಂತಿದ್ದ. ಅವಳು ಕಲ್ಲುಬೆಂಚಿನ ಮೇಲೆ ಕೂತು ಚಪ್ಪಲಿ ಬಿಚ್ಚಿದಳು. ಯಾರೂ ಅವಳನ್ನು ಕೂಗಲಿಲ್ಲ, ಯಾವ ಬೆಲ್ಲೂ ಹೊಡೆಯಲಿಲ್ಲ. ಎಷ್ಟು ಸುಸ್ತಾಗಿದ್ದೇನೆ ಎಂಬುದು ಅವಳಿಗೆ ಆಗಲೇ ಗೊತ್ತಾದದ್ದು.

ನಾಲ್ಕಕ್ಕೆ ವಾಪಸಾದಾಗ ಮೇಜಿನ ಬಳಿ ಯಾರೂ ಇರಲಿಲ್ಲ. ಅವನು ಹಿಂದಿನ ಅಡುಗೆಮನೆಯಲ್ಲಿದ್ದ. ಅವಳು ಮೊಳೆಯಿಂದ ಕೀಲಿ ತೆಗೆದುಕೊಂಡು ಮಹಡಿ ಹತ್ತಿದಳು, ಬಾಗಿಲು ತೆರೆದಳು, ಮತ್ತೆ ಕೆಳಗಿಳಿದು ಬಂದು ಕೀಲಿಯನ್ನು ಮೊಳೆಗೆ ಹಾಕಿದಳು!

ನಗಬೇಡಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ವಾರ್ಡಿನ ಔಷಧಿ ಕಪಾಟಿನ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡೇ ಮನೆಗೆ ಹೋಗಿದ್ದಳು. ಅಜ್ಜಿಯೊಬ್ಬರು ಇಂಜೆಕ್ಷನ್ ಸಿಗದೆ ಒಂದು ಗಂಟೆ ನರಳಿದ್ದರು. ಅಂದಿನಿಂದ ಯಾವ ಕೀಲಿಯಾದರೂ ಸರಿ, ಬೀಗ ತೆಗೆದ ಕೂಡಲೇ ಮೊಳೆಗೆ ಹಾಕದಿದ್ದರೆ ಅವಳ ಎದೆ ಡವಡವ ಅನ್ನುತ್ತಿತ್ತು.

ಮತ್ತೆ ಮೇಲೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಮುಖ ತೊಳೆದು ಹೊಸ ಬಟ್ಟೆ ಉಟ್ಟಳು. ಏಳಾಯಿತು, ಏಳೂವರೆಯಾಯಿತು... ಯಾರೂ ಕರೆಯಲಿಲ್ಲ.

ಕೆಳಗೆ ಅವನು ಎರಡು ತಟ್ಟೆ ಇಟ್ಟುಕೊಂಡು ಹಲಗೆಯನ್ನೇ ನೋಡುತ್ತಿದ್ದ. ಐದನೇ ಮೊಳೆಯಲ್ಲಿ ಕೀಲಿ ತೂಗುತ್ತಿತ್ತು. 'ಇನ್ನೂ ಬಂದಿಲ್ಲ... ನನ್ನ ಜೊತೆ ಊಟ ಮಾಡೋಕೆ ಇಷ್ಟ ಇಲ್ಲವೇನೋ...' ಫೋನ್ ಕೈಗೆತ್ತಿಕೊಂಡ. ಸುತ್ತಾಡಲು ಬಂದವರನ್ನು ಕಾಡಬಾರದೆಂದು ಕೆಳಗಿಟ್ಟ.

ಹೀಗೆ ಒಂದೇ ಮನೆಯ ಎರಡು ಮಹಡಿಯಲ್ಲಿ ಇಬ್ಬರೂ ಕಾದರು. ಊಟ ಆರಿತು. ಅವಳು ರೈಲಿನಲ್ಲಿ ತಿಂದು ಉಳಿದಿದ್ದ ನಾಲ್ಕು ಬಿಸ್ಕತ್ತು ತಿಂದು ಮಲಗಿದಳು.

ರಾತ್ರಿ ತಾನು ಮಲಗಿದ ಮೇಲೆ ಅವಳು ತಡವಾಗಿ ಬಂದಿರಬೇಕು ಎಂದುಕೊಂಡ ಅವನು, ಬೆಳಿಗ್ಗೆ ಕೆಳಗೆ ಬಂದ ಅವಳಿಗೆ ಚಹಾ ತಂದಿಟ್ಟು ಕೇಳಿದ. "ನಿನ್ನೆ ಊಟ... ಆಯ್ತಾ?"

'ಕರೆಯದೆ ಇದ್ದವನು ಕೇಳೋದು ನೋಡು!' ಅವಳು ಮುಖ ಆಚೆ ತಿರುಗಿಸಿ "ಚೆನ್ನಾಗೇ ಆಯ್ತು" ಅಂದಳು.

ಅವನು ಟ್ರೇ ಎತ್ತಿಕೊಂಡು ಅಡುಗೆಮನೆಗೆ ಹೋದ. ಎರಡನೇ ಸಂಜೆಯೂ ಎರಡು ತಟ್ಟೆ ಇಟ್ಟ. ಎರಡನೇ ಸಂಜೆಯೂ ಕೀಲಿ ಮೊಳೆಯಲ್ಲೇ ಇತ್ತು.

ಮೂರನೇ ಬೆಳಿಗ್ಗೆ ಹತ್ತಕ್ಕೆ ಅವಳು ಪೆಟ್ಟಿಗೆ ಹಿಡಿದು ಕೆಳಗೆ ಬಂದಳು. ಫೋನಿನಲ್ಲಿ ಅವನ ನಂಬರ್ ತೆರೆದಿತ್ತು. ರೈಲು ಹತ್ತಿದ ಕೂಡಲೇ ಅಳಿಸುವುದೆಂದು ತೀರ್ಮಾನಿಸಿದ್ದಳು. ಅಷ್ಟರಲ್ಲಿ ನೆನಪಾಯಿತು, ಶಾಲು ಮೇಲೆಯೇ ಉಳಿದಿದೆ.

ಮೊಳೆಯಲ್ಲಿದ್ದ ಕೀಲಿ ಹಿಡಿದು ಹತ್ತಿದಳು. ಬಾಗಿಲು ತೆರೆದಳು. ಇಳಿದು ಬಂದು ಮೊಳೆಗೆ ಕೀಲಿ ಹಾಕಿದಳು. ಮತ್ತೆ ಮೆಟ್ಟಿಲ ಕಡೆ ತಿರುಗಿದಳು.

ಅವನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ.

"ಸಿಸ್ಟರ್... ಈಗ ಏನು ಮಾಡಿದ್ರಿ?"

"ಏನು ಮಾಡಿದೆ? ಬಾಗಿಲು ತೆಗೆದು ಕೀಲಿ ಹಾಕಿದೆ."

"ದಿನಾ ಹೀಗೇನಾ? ಮೊನ್ನೆ ಸಂಜೆ? ನಿನ್ನೆ ಸಂಜೆ?"

"ಹೌದು. ನಾಲ್ಕು ಗಂಟೆಯಿಂದ ರೂಮಲ್ಲೇ ಇದ್ದೆ. ಕರೀತೀನಿ ಅಂದಿದ್ರಲ್ಲ... ಕಾದೆ!"

"ಅಯ್ಯೋ ದೇವರೇ!" ಅವನು ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ. "ಕೀಲಿ ಇಲ್ಲಿ ತೂಗ್ತಿದ್ರೆ ನೀವು ಹೊರಗಿದ್ದೀರಿ ಅಂತ! ಎರಡು ದಿನ ಎರಡೆರಡು ತಟ್ಟೆ ಇಟ್ಕೊಂಡು ಈ ಹಲಗೆ ಮುಖ ನೋಡ್ತಾ ಕೂತಿದ್ದೀನಿ ರೀ!"

ಅವಳು ಹಲಗೆ ನೋಡಿದಳು, ಅವನನ್ನು ನೋಡಿದಳು. ನಗು ಬರಬೇಕಿತ್ತು, ಅಳು ಬಂತು. ಇಪ್ಪತ್ತೆರಡು ದಿನ ಅವನ ಮುಂದೆ ಒಮ್ಮೆಯೂ ಅಳದವಳು ಮೆಟ್ಟಿಲ ಮೇಲೆ ಕೂತು ಮಗುವಿನಂತೆ ಅತ್ತಳು.

"ನನಗೆ ಸಾಕಾಗಿದೆ... ಎಲ್ಲರಿಗೂ ನಾನೇ ಕಾದು ಕಾದು ಸಾಕಾಗಿದೆ. ನನಗೋಸ್ಕರ ಯಾರಾದ್ರೂ ಕಾಯ್ತಾರೆ ಅಂತ ಬಂದೆ."

ಅವನು ಬಂದು ಕೆಳಗಿನ ಮೆಟ್ಟಿಲಿನಲ್ಲಿ ಕೂತ. "ಎರಡು ವರ್ಷದಿಂದ ಕಾಯ್ತಿದ್ದೀನಿ. ಹೇಳೋಕೆ ಧೈರ್ಯ ಸಾಲಲಿಲ್ಲ. ಅಮ್ಮನ್ನ ನೋಡಿಕೊಂಡ ಋಣಕ್ಕೆ ಕೇಳ್ತಿದ್ದೀನಿ ಅಂತ ಅಂದ್ಕೋಬಾರದಲ್ಲ... ನೀವು ಬೇಕು ನನಗೆ. ಈ ಮನೇಗಲ್ಲ, ಕೆಲಸಕ್ಕಲ್ಲ. ನನಗೆ."

ಹನ್ನೊಂದರ ರೈಲು ಅವಳಿಲ್ಲದೆ ಹೋಯಿತು. ಬೆಳಗಿನ ಹೊತ್ತಿನಲ್ಲೇ ಇಬ್ಬರೂ ರಾತ್ರಿಯ ಊಟ ಬಿಸಿ ಮಾಡಿಕೊಂಡು ತಿಂದರು. ಆಮೇಲೆ ಅವಳು ಐದನೇ ರೂಮಿನಲ್ಲಿ ಸಂಜೆಯವರೆಗೂ ಮೈಮರೆತು ನಿದ್ದೆ ಮಾಡಿದಳು. ಅವನು ಮೆಟ್ಟಿಲ ಸದ್ದೂ ಆಗದಂತೆ ಓಡಾಡಿದ.

ಆರರ ರೈಲಿಗೆ ಹೊರಡುವಾಗ ಅವನು ಮೊಳೆಯಿಂದ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟ.

"ತಗೊಂಡು ಹೋಗಿ. ಮೊಳೆ ಖಾಲಿ ಇದ್ರೆ ನೀವು ಮನೇಲೇ ಇದ್ದೀರಿ ಅಂತ. ಮುಂದಿನ ವಾರ ನಾನೇ ಬಂದು ನಿಮ್ಮ ಅಕ್ಕನ ಹತ್ರ ಮಾತಾಡ್ತೀನಿ."

"ಜೇಬಲ್ಲಿ ಕೀಲಿ ಇದ್ರೆ ನನಗೆ ನಿದ್ದೆನೇ ಬರಲ್ಲ, ಗೊತ್ತಾ?"

"ಹಾಗಾದ್ರೆ ಬೇಗ ವಾಪಸ್ ತನ್ನಿ."

ಅವಳು ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು. "ಊಟ ಮಾಡಿ ಮಲಗಿ. ನನಗಾಗಿ ತಟ್ಟೆ ಇಡಬೇಡಿ ಇವತ್ತು."

"ಇಡ್ತೀನಿ" ಅಂದ ಅವನು.