ಸವೆಯದ ದಾರ

"ಉರುಳೆ ಮೇಲಿನ ಕ್ಯಾನ್ವಾಸ್ ಬಿಚ್ಚಿ ಸುಟ್ಟುಹಾಕು" ಎಂದಳು ಎರ್ಮಾ ಕಿಸ್ಲರ್. "ಮನೆಗೆ ಹೋದ ಕೂಡಲೇ. ಮೊದಲನೇ ಬಟ್ಟೆ ಏರಿಸೋಕೆ ಮುಂಚೆ."

ಕೋರಿನ್ ಯಂತ್ರದ ಅಡಿಗೆ ತಲೆ ತೂರಿಸಿ ಟಾರ್ಚ್ ಬಿಟ್ಟು ನೋಡುತ್ತಿದ್ದಳು. ಬಳಸಿದ ಲಾಂಗ್‌ಆರ್ಮ್ ಕೌದಿಯಂತ್ರ ಕೊಳ್ಳುವ ಹೊಸಬರು ಏನೇನು ಪರೀಕ್ಷಿಸಬೇಕೆಂದು ಓದಿಕೊಂಡೇ ಬಂದಿದ್ದಳು. ಗಾಲಿಗಳು ಹಳಿಯ ಮೇಲೆ ತಡೆಯಿಲ್ಲದೆ ಓಡುತ್ತವೆಯೇ, ದಾರ ಹಿಡಿಯುವ ಕೊಕ್ಕೆಗೆ ತುಕ್ಕು ಹಿಡಿದಿದೆಯೇ, ಮಾರುವವರು ಕಣ್ಣೆದುರು ಹೊಲಿದು ತೋರಿಸುತ್ತಾರೆಯೇ. ಎಲ್ಲವೂ ಸರಿಯಾಗಿತ್ತು. ಮಂಚಕ್ಕಿಂತ ಉದ್ದದ ಚೌಕಟ್ಟು, ಅದಕ್ಕೆ ಅಡ್ಡಲಾಗಿ ಉರುಳೆಗಳು, ನಡುವೆ ಹಿಂದೆ ಮುಂದೆ ಜಾರುವ ಉದ್ದ ಕತ್ತಿನ ಯಂತ್ರ. ಕೌದಿಯ ಪದರಗಳನ್ನು ಉರುಳೆಗಳ ನಡುವೆ ಬಿಗಿದು, ಯಂತ್ರವನ್ನೇ ಅದರ ಮೇಲೆ ಓಡಿಸಿ ಹೊಲಿಯಬೇಕು. ಕೌದಿಯನ್ನು ಪಿನ್ನು ಹಾಕಿ ಸಿಕ್ಕಿಸಲು ಪ್ರತಿ ಉರುಳೆಗೂ ಒಂದು ದಪ್ಪ ಕ್ಯಾನ್ವಾಸ್ ಪಟ್ಟಿ ಇತ್ತು.

"ಯಾಕೆ, ಮಿಸೆಸ್ ಕಿಸ್ಲರ್? ಗಟ್ಟಿಮುಟ್ಟಾಗಿದೆಯಲ್ಲ."

"ನನ್ನ ತಂಗಿ ಲುವೆಲಾ ಹೊಲಿದಿದ್ದು. ಯಂತ್ರ ಅವಳದ್ದೇ. ಯಂತ್ರಕ್ಕೇನೂ ಆಗಿಲ್ಲ. ಕ್ಯಾನ್ವಾಸ್ ಇಟ್ಕೋಬೇಡ."

"ಅಂಟುರೋಗ ಏನಾದ್ರೂ ಇದೆಯಾ ಅದಕ್ಕೆ?"

ಮುದುಕಿ ಕೋರಿನ್‌ಳ ಮುಖ ನೋಡಲಿಲ್ಲ. "ನಗು. ಈ ಊರಿಗೆ ಬಂದೋರೆಲ್ಲ ಮೊದಲು ನಗ್ತಾರೆ."

ಕೋರಿನ್ ನಿಜವಾಗಿಯೂ ನಕ್ಕಳು. ಅವಳು ಫಿಲಡೆಲ್ಫಿಯಾದವಳು, ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷಿಸುವ ಕೆಲಸ ಮಾಡಿದವಳು. ಗಂಡ ಲಮಾರ್ ಈ ಕಣಿವೆಯಲ್ಲೇ ಹುಟ್ಟಿದವನು, ತಲೆಮಾರುಗಳ ಹಿಂದೆ ಇಲ್ಲಿಗೆ ವಲಸೆ ಬಂದ ಡಚ್ಚರ ಮನೆತನದವನು. ಹಿಟ್ಟಿನ ಗಿರಣಿಯ ಅಪಘಾತದಲ್ಲಿ ಅವನ ಮೊಣಕಾಲು ಮುರಿದು, ಒಳಗೆ ಲೋಹದ ಪಟ್ಟಿ ಕೂರಿಸಿ ಆ ಕಾಲು ಮಡಚದಂತಾದ ಮೇಲೆ, ಮನೆಯಲ್ಲೇ ಕೂತು ಊರವರ ಕೌದಿ ಹೊಲಿದುಕೊಡೋಣವೆಂದು ಕೋರಿನ್ ಈ ಯಂತ್ರ ಹುಡುಕಿದ್ದಳು.

ಯಂತ್ರ ಹೇರಿಕೊಂಡು ವಾಪಸ್ ಬರುವಾಗ, ಜೊತೆಗೆ ಬಂದಿದ್ದ ಲಮಾರ್ ಹೇಳಿದ. "ಚಿಕ್ಕವನಿದ್ದಾಗ ನಮ್ಮಜ್ಜಿ ನನ್ನ ಕೆಮ್ಮಿಗೆ ಮಂತ್ರ ಹಾಕ್ತಿದ್ಳು. ಕೆಮ್ಮು ಹೋಗ್ತಿತ್ತು."

"ಬರೀ ಮಂತ್ರಕ್ಕಾ?"

"ಔಷಧಿನೂ ಕುಡಿಸ್ತಿದ್ಳು ಅನ್ನು. ಆದ್ರೂ ಕೋರಿ, ಸುಟ್ಟುಬಿಡೋಣ. ಎರ್ಮಾ ಆಂಟಿ ಸುಮ್ಮನೆ ಮಾತಾಡೋಳಲ್ಲ."

"ಹೊಸ ಕ್ಯಾನ್ವಾಸ್ ನೇರವಾಗಿ ಕೂರಿಸೋದು ಎಷ್ಟು ಕಷ್ಟ ಗೊತ್ತಾ? ಇದಕ್ಕೆ ಬಟ್ಟೆಯ ಮಧ್ಯ ತೋರಿಸೋ ನಡುಗೆರೆ ಕೂಡ ಹಾಕಿದ್ದಾರೆ."

ನಡುಗೆರೆ ಎಂದು ಅವಳು ಅಂದುಕೊಂಡದ್ದು, ಮುಂದಿನ ಉರುಳೆಯ ಕ್ಯಾನ್ವಾಸಿನ ಮಡಿಕೆಯಿಂದ ಇಣುಕುತ್ತಿದ್ದ ಒಂದು ಕೆಂಪು ದಾರದ ತುದಿ.

ಯಂತ್ರವನ್ನು ನೆಲಮಾಳಿಗೆಯಲ್ಲಿ ನಿಲ್ಲಿಸಿದರು. ಬಾಯ್ಲರಿನ ಕಾವು, ಗೋಡೆಯ ಹಸಿ ಸುಣ್ಣ, ಯಂತ್ರದ ಎಣ್ಣೆ, ಇವೆಲ್ಲದರ ಅಡಿಯಲ್ಲಿ ಇನ್ನೊಂದು ವಾಸನೆ. ಜ್ವರ ಬಂದ ಮಗುವಿನ ತಲೆದಿಂಬಿನ ಹುಳಿ ವಾಸನೆ. ಹಳೆ ಬಟ್ಟೆ ತಾನೇ, ಎಂದುಕೊಂಡಳು ಕೋರಿನ್.

ಮೊದಲ ಕೌದಿ ಮಗಳಿಗೆ. ವಿನಿಗೆ ನಾಲ್ಕು ತುಂಬಿತ್ತು. ಅಳತೆ ಪಟ್ಟಿ ಮೇಲಿನ ಕೋಣೆಯಲ್ಲಿತ್ತು. ಕೋರಿನ್ ಆ ಕೆಂಪು ದಾರದ ತುದಿ ಹಿಡಿದು ಎಳೆದಳು. ಅದು ಮಡಿಕೆಯಿಂದ ಸರಾಗವಾಗಿ, ನುಣ್ಣಗೆ, ಒದ್ದೆ ಇಲ್ಲದಿದ್ದರೂ ತಣ್ಣಗೆ ಹೊರಬಂತು.

"ನೆಟ್ಟಗೆ ನಿಂತ್ಕೋ ನನ್ನ ಕುಂಬಳಕಾಯಿ. ತಲೆಯಿಂದ ಕಾಲಿನ ತನಕ ಮುಚ್ಚೋ ಕೌದಿ ಬೇಕಲ್ವಾ?"

"ಮೂಗು ಮುಚ್ಚಬಾರದು" ಎಂದಳು ವಿನಿ.

ನೆತ್ತಿಯಿಂದ ಹಿಮ್ಮಡಿಗೆ ದಾರ ಇಳಿಬಿಟ್ಟಳು. ತುದಿಗೆ ತುದಿ ಸೇರಿತು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ನಿನಗೇ ಅಂತ ಕತ್ತರಿಸಿದ ಹಾಗಿದೆ" ಎಂದು ಕೋರಿನ್ ದಾರವನ್ನು ಮತ್ತೆ ಮಡಿಕೆಯೊಳಗೆ ತೂರಿಸಿದಳು.

ಕೌದಿ ಮುಗಿಯುವ ಹೊತ್ತಿಗೆ ಹಿಮ ಬಿದ್ದಿತ್ತು. ಹೊಸಬಳ ಕೆಲಸ, ಹೊಲಿಗೆ ಅಲ್ಲಲ್ಲಿ ಗಂಟು ಕಟ್ಟಿತ್ತು. ವಿನಿಗೆ ಅದೇ ಇಷ್ಟ. ಅದರಡಿ ಮಲಗಲು ಶುರುಮಾಡಿದ ಮೇಲೆ ಅವಳ ಕಾಲುಚೀಲಗಳು ಜಾರತೊಡಗಿದವು. ಆಮೇಲೆ ಚಡ್ಡಿ. ಬ್ರೆಡ್ಡಿಗೆ ಸೇಬಿನ ಮುರಬ್ಬ ಸವರಿ ಕೊಟ್ಟರೆ ತಿನ್ನುತ್ತಿದ್ದಳು, ಇನ್ನೊಂದು ಕೇಳಿ ತಿನ್ನುತ್ತಿದ್ದಳು, ಆದರೂ ಕೆನ್ನೆ ಒಳಕ್ಕೆ ಸೇರುತ್ತಿತ್ತು. ವೈದ್ಯರು ರಕ್ತ ತೆಗೆದರು. ಫಲಿತಾಂಶಗಳನ್ನು ಕೋರಿನ್ ತಾನೇ ಓದಿದಳು. ಎಲ್ಲವೂ ಸರಿಯಾಗಿತ್ತು. ಮತ್ತೆ ತೆಗೆದರು. ಸರಿಯಾಗಿತ್ತು.

ಒಂದು ಮುಂಜಾನೆ ವಿನಿ ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ಲೋಟಕ್ಕೆ ಕೈ ಚಾಚಿದಳು. ಕೈ ಎಟುಕಲಿಲ್ಲ. ನಿನ್ನೆ ಎಟುಕಿತ್ತು.

ಕೋರಿನ್ ಅಳತೆ ಪಟ್ಟಿ ತಂದು ಅಳೆದಳು. ತಪ್ಪಾಗಿರಬೇಕೆಂದು ಇನ್ನೊಮ್ಮೆ ಅಳೆದಳು. ಮಗು ಕುಳ್ಳಗಾಗಿತ್ತು.

ಬಾಗಿಲಲ್ಲಿ ನಿಂತಿದ್ದ ಲಮಾರ್ ಬಿಳಿಚಿಕೊಂಡಿದ್ದ. "ಸವೆತ" ಎಂದ. "ನಮ್ಮಜ್ಜಿ ಸವೆತ ಅಂತಿದ್ಳು ಇದಕ್ಕೆ. ಮಕ್ಕಳು ಸೋಪಿನ ಹಾಗೆ ಸವೆದು ಹೋಗ್ತಾರೆ. ಕೆಂಪು ದಾರದಲ್ಲಿ ಅಳೆದು..." ಅವನು ನಿಲ್ಲಿಸಿದ. "ಕೋರಿ, ಇವಳನ್ನ ಯಾತರಲ್ಲಿ ಅಳೆದೆ ಅವತ್ತು?"

ಎರ್ಮಾ ಬಾಗಿಲು ಪೂರ್ತಿ ತೆರೆಯಲಿಲ್ಲ. ಕೋರಿನ್ ಸಂದಿಗೆ ಕಾಲಿಟ್ಟಳು.

"ಅಳೆದ್ಯಾ?" ಎಂದಳು ಮುದುಕಿ.

"ಅಳೆದೆ."

ಎರ್ಮಾ ಬಾಗಿಲು ಬಿಟ್ಟು ಹೋಗಿ ಅಡುಗೆಮನೆಯ ಕುರ್ಚಿಯಲ್ಲಿ ಕುಸಿದಳು. ಒಲೆಯ ಮೇಲೆ ಏನೋ ಸೀಯುತ್ತಿತ್ತು. ಅವಳು ಎದ್ದು ಇಳಿಸಲಿಲ್ಲ.

"ಲುವೆಲಾ ಮಗ ಹಾರ್ಲನ್. ಅವನಿಗೂ ನಾಲ್ಕು. ಸವೆತ ಹಿಡೀತು. ನಮ್ಮ ಕಡೆ ಮಾಡೋದೇನು ಅಂದ್ರೆ, ಮಗೂನ ಕೆಂಪು ದಾರದಲ್ಲಿ ಅಳೆದು, ಆ ದಾರಾನ ದಿನಾ ತಿಕ್ಕಾಟ ಆಗೋ ಕಡೆ ಕಟ್ತಾರೆ. ಬಾಗಿಲು ತಿರುಗೋ ಕೀಲಿಗೋ, ಸಾಣೆಕಲ್ಲಿನ ಅಚ್ಚಿಗೋ. ದಾರ ಸವೆದು ಹರಿದಾಗ ಕಾಯಿಲೆ ಬಿಡುತ್ತೆ. ಮಗು ಬದಲು ದಾರ ಸವೀಬೇಕು, ಅದು ಲೆಕ್ಕ. ಲುವೆಲಾ ದಿನವಿಡೀ ಯಂತ್ರದ ಮುಂದೆ ಇರೋಳು. ಉರುಳೆಗಿಂತ ಒಳ್ಳೆ ಜಾಗ ಯಾವುದಿದೆ?"

"ಮತ್ತೆ?"

"ಮನೇಲಿ ಹತ್ತಿ ದಾರ ಇತ್ತು. ಉಣ್ಣೆದೂ ಇತ್ತು. ಅವಳು ಯಂತ್ರದ ದಾರ ತಗೊಂಡ್ಳು. ಪಾಲಿಯೆಸ್ಟರ್. ಮಗನಿಗೆ ಅಂತ ಎಲ್ಲಕ್ಕಿಂತ ಗಟ್ಟಿ ದಾರ ಆರಿಸಿದ್ಳು." ಮುದುಕಿ ಅಂಗೈಯಿಂದ ಬಾಯಿ ಒರೆಸಿಕೊಂಡಳು. "ಕೌದಿ ಹೊಲಿಯೋ ಹೆಂಗಸು ಇನ್ನೇನು ಮಾಡ್ತಾಳೆ? ಅದು ಸವೀಲಿಲ್ಲ. ಹುಡುಗ ಸವೆದ. ಕೊನೆಗೆ ಹಾರ್ಲನ್‌ನ ಬ್ರೆಡ್ ಬುಟ್ಟೀಲಿ ಮಲಗಿಸ್ತಿದ್ವಿ. ಅವನು ಹೋದ, ಕಾಯಿಲೆ ದಾರದಲ್ಲೇ ಉಳೀತು."

"ನೀವೇ ಯಾಕೆ ಸುಡ್ಲಿಲ್ಲ ಅದನ್ನ?"

"ಆ ಮಗು ಅಷ್ಟೆತ್ತರ ಇತ್ತು ಅನ್ನೋಕೆ ನನ್ನ ಹತ್ರ ಇನ್ನೇನಿದೆ? ನನ್ನ ಕೈಯಾರೆ ಸುಡೋಕಾಗ್ಲಿಲ್ಲ."

"ಈಗ ಸುಡ್ತೀನಿ."

"ಈಗ ಬೇಡ." ಎರ್ಮಾ ಅವಳ ಮಣಿಕಟ್ಟು ಹಿಡಿದಳು. ಒಣ ಸೌದೆಯಂಥ ಬೆರಳುಗಳು. "ಈಗ ಅದು ನಿನ್ನ ಮಗು. ದಾರಕ್ಕೇನು ಮಾಡ್ತೀಯೋ ಅದು ಅವಳಿಗೂ ಆಗುತ್ತೆ."

ಕೋರಿನ್ ಅದನ್ನು ಪೂರ್ತಿ ನಂಬಲಿಲ್ಲ. ನಂಬದಿದ್ದರೂ ಮನೆಗೆ ಹೋಗಿ ಯಂತ್ರದ ಮುಂದೆ ನಿಂತಳು. ಸವೆಯಬೇಕಲ್ಲವೇ, ಸವೆಸುತ್ತೇನೆ. ಹಳೆ ಚಾದರಗಳನ್ನು ಏರಿಸಿದಳು, ಕಿಟಕಿಯ ಪರದೆಗಳನ್ನು ಏರಿಸಿದಳು, ಉರುಳೆ ತಿರುಗಿಸಿದಳು, ಹೊಲಿದಳು, ಹಿಂದಕ್ಕೆ ಸುತ್ತಿದಳು, ಮತ್ತೆ ತಿರುಗಿಸಿದಳು. ಯಂತ್ರ ಕಟಕಟನೆ ಹಲ್ಲು ಕಡಿಯಿತು. ಎಣ್ಣೆ ಕಾದು ನೆಲಮಾಳಿಗೆಯೆಲ್ಲ ಕಮಟು ವಾಸನೆ. ಅವಳ ಹೆಬ್ಬೆರಳುಗಳಲ್ಲಿ ಬೊಕ್ಕೆ ಎದ್ದು ಒಡೆದವು. ಪ್ರತಿ ಸಂಜೆ ಮಡಿಕೆ ಬಿಡಿಸಿ ದಾರವನ್ನು ದೀಪಕ್ಕೆ ಹಿಡಿಯುತ್ತಿದ್ದಳು. ಒಂದು ನಾರೂ ಎದ್ದಿರಲಿಲ್ಲ. ಹೊಸದರಂತೆ ಹೊಳೆಯುತ್ತಿತ್ತು.

ಮೇಲೆ ವಿನಿಗೆ ಚಮಚ ಭಾರವಾಯಿತು. ಆಮೇಲೆ ಕೌದಿಯೇ ಭಾರವಾಯಿತು.

ಒಂದು ಮಧ್ಯಾಹ್ನ ಕೋರಿನ್ ಮರಗೆಲಸದ ಪೆಟ್ಟಿಗೆಯಿಂದ ಉಪ್ಪುಕಾಗದದ ಚೂರು ತೆಗೆದಳು. ಮಡಿಕೆಯಿಂದ ಹೊರಗಿದ್ದ ತುದಿಯನ್ನು ಅದರ ನಡುವೆ ಹಿಡಿದು ಒಂದೇ ಸಲ, ಮೆಲ್ಲಗೆ, ಎಳೆದಳು.

ಮೇಲಿನಿಂದ ಕಿರುಚು.

ಓಡಿದಳು. ಮೆಟ್ಟಿಲು. ಕತ್ತಲ ಪಡಸಾಲೆ. ಕೋಣೆ. ಲಮಾರ್ ಮಗುವಿನ ಪಾದ ಹಿಡಿದು ಕೂತಿದ್ದ. ಹಿಮ್ಮಡಿಯ ಚರ್ಮ ಸುಲಿದು ಹಸಿಯಾಗಿತ್ತು.

"ಏನೂ ತಾಗಿಲ್ಲ ಕಣೆ" ಎಂದ ಅವನು. "ಸುಮ್ಮನೆ ಮಲಗಿದ್ಳು. ಏನೂ ತಾಗಿಲ್ಲ."

ಕೋರಿನ್ ಕೈಯಲ್ಲಿದ್ದ ಉಪ್ಪುಕಾಗದ ನೋಡಿದಳು. ಅದು ಕೆಂಪಾಗಿತ್ತು.

ಲಮಾರ್ ಎರ್ಮಾಳನ್ನು ಕರೆತಂದಾಗ ಹಿಮ ಕಿಟಕಿಯ ಅರ್ಧಕ್ಕೆ ಬಂದಿತ್ತು. ವಿದ್ಯುತ್ ಹೋಗಿತ್ತು. ನೆಲಮಾಳಿಗೆಯಲ್ಲಿ ಸೀಮೆಎಣ್ಣೆಯ ಲಾಂದ್ರ ಹಚ್ಚಿದರು.

"ಒಂದೇ ದಾರಿ. ಕೊನೆಗೆ ಯಾರನ್ನ ಅಳೆದಿರುತ್ತೋ ಕಾಯಿಲೆ ಅವರದ್ದು" ಎಂದಳು ಎರ್ಮಾ. "ಲುವೆಲಾ ತನ್ನನ್ನೇ ಅಳಕೊಂಡ್ಳು. ಗೋಡೆಗೆ ನಿಂತು. ದಾರ ನೆತ್ತಿಯಿಂದ ಸೊಂಟದ ಕೆಳಗೆ ಬಂತು, ಅಷ್ಟೆ. ಹಿಮ್ಮಡಿ ಮುಟ್ಟದಿದ್ರೆ ಅದು ಅಳತೆಯಲ್ಲ. ಮಗುವಿನ ಉದ್ದ ಅದು. ಇನ್ನೊಂದು ಮಗು ಬೇಕು."

ಪಕ್ಕದ ಮನೆಯಲ್ಲಿ ವಿನಿಯ ವಯಸ್ಸಿನ ಹುಡುಗಿಯೊಬ್ಬಳಿದ್ದಳು. ಮೂವರಿಗೂ ಅವಳು ಗೊತ್ತು. ಕೋರಿನ್ ಒಂದು ಕ್ಷಣ, ಒಂದೇ ಒಂದು ಕ್ಷಣ, ಆ ಹುಡುಗಿಯ ಎತ್ತರ ಲೆಕ್ಕ ಹಾಕಿದಳು. ಆಮೇಲೆ ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದಳು.

"ನಿಂತೇ ಯಾಕೆ ಅಳೀಬೇಕು?" ಎಂದಳು.

"ಅಂದ್ರೆ?"

"ಮುದುರಿ ಮಲಗಿದ್ರೆ? ನೆತ್ತಿಗೂ ಹಿಮ್ಮಡಿಗೂ ದೂರ ಕಮ್ಮಿ ಆಗುತ್ತೆ."

ಮುದುಕಿ ಲಾಂದ್ರವನ್ನು ಹತ್ತಿರ ಎಳೆದುಕೊಂಡಳು. "ಹಾಗೆ ಯಾರೂ ಮಾಡಿಲ್ಲ. ಏನಾಗುತ್ತೋ ನನಗೆ ಗೊತ್ತಿಲ್ಲ."

"ನನ್ನನ್ನ ಅಳೀರಿ" ಎಂದ ಲಮಾರ್. ನೆಲದ ಮೇಲೆ ಬಿದ್ದು ಮುದುರಿದ. ಲೋಹ ಕೂತ ಮೊಣಕಾಲು ಮಡಚಲಿಲ್ಲ. ಕೈಯಿಂದ ಬಗ್ಗಿಸಲು ಹೋಗಿ ನೋವಿಗೆ ಅತ್ತ. ದಾರ ಅವನ ಮೀನಖಂಡದಲ್ಲಿ ನಿಂತುಬಿಟ್ಟಿತು.

"ಏಳು" ಎಂದಳು ಕೋರಿನ್. "ಸರಿ. ಜಾಗ ಬಿಡು."

ನೆಲ ಹಿಮದಷ್ಟು ತಣ್ಣಗಿತ್ತು. ಮಗ್ಗುಲಾಗಿ ಮಲಗಿದಳು. ಮೊಣಕಾಲು ಎದೆಗೆ. ಗಲ್ಲ ಮೊಣಕಾಲಿಗೆ. ಹಿಮ್ಮಡಿ ಪಿರ್ರೆಗೆ. ಎರ್ಮಾ ತನ್ನ ಹಳೆ ಡಚ್ಚಿನಲ್ಲಿ ಗೊಣಗುತ್ತ ದಾರ ಇಳಿಸಿದಳು. ಅದು ನೆತ್ತಿಗೆ ತಾಗಿತು. ಐಸಿನ ಮೊನೆಯಂತೆ.

"ದಾರ ಉದ್ದ ಉಳೀತು" ಎಂದಳು ಎರ್ಮಾ. "ಮೈ ಸ್ವಲ್ಪ ಸಡಿಲ ಬಿಡು."

ಬಿಟ್ಟಳು.

"ಸಾಲದು. ಮತ್ತೆ ಮುದುರು."

ಮುದುರಿದಳು. ಹುಳಿ ವಾಸನೆ ದಟ್ಟವಾಯಿತು. ಮೂಗು ಕಟ್ಟಿತು. ಲಾಂದ್ರ ಕುಗ್ಗಿತು. ಖಾಲಿ ಉರುಳೆ ತಾನಾಗಿ ಕಿರ್ರೆಂದಿತು. ಯಾರೂ ಮುಟ್ಟಿರಲಿಲ್ಲ. ಇನ್ನೊಮ್ಮೆ ಕಿರ್ರೆಂದಿತು.

"ಉಸಿರು ಬಿಡು. ಪೂರ್ತಿ ಬಿಡು."

ಬಿಟ್ಟಳು. ಪಕ್ಕೆಲುಬು ಇಳಿಯಿತು. ದಾರದ ತುದಿ ಹಿಮ್ಮಡಿ ಮುಟ್ಟಿತು.

ಬೆನ್ನಮೂಳೆಯಲ್ಲಿ ಏನೋ ಬಿಗಿಯಿತು. ಕೀಲು ಕೀಲಿಗೆ. ಒಂದೊಂದಾಗಿ. ಹೊಲಿಗೆ ಬಿದ್ದಂತೆ. ಕೂಗಲು ಬಾಯಿ ತೆರೆದಳು. ಬಾಯಿ ಮೊಣಕಾಲಿಗೆ ಒತ್ತಿತ್ತು. ಕತ್ತಲಾಯಿತು.

ಕತ್ತಲೊಳಗೆ ಮೇಲಿನಿಂದ ಒಂದು ದನಿ ಬಂತು, ಗಟ್ಟಿಯಾಗಿ, ಸಿಡುಕಿನಿಂದ. "ಅಪ್ಪಾ. ಹಸಿವು. ಯಾರೂ ಇಲ್ವಾ ಈ ಮನೇಲಿ?"

ಲಮಾರ್ ಅತ್ತು ನಕ್ಕ. "ಕೇಳಿಸ್ತಾ, ಕೋರಿ? ಏಳು. ಎದ್ದು ಬಾ." ಅವಳ ತೋಳು ಹಿಡಿದು ಎಳೆದ. ಅವಳು ಇಡೀ ದೇಹ ಒಂದೇ ಗಂಟಾಗಿ, ಮುದುರಿದಂತೆಯೇ, ಎದ್ದು ಬಂದಳು.

ಆಸ್ಪತ್ರೆಯವರು ಎಕ್ಸ್‌-ರೇ ತೆಗೆದು ನೋಡಿದರು. ಮೂಳೆಗಳೆಲ್ಲ ಸರಿಯಾಗಿದ್ದವು. ಯಾಕೆ ಬಿಡಿಸಲು ಬರುವುದಿಲ್ಲವೆಂದು ಅವರಿಗೆ ಹೇಳಲಾಗಲಿಲ್ಲ. ದಾರ ಈಗ ಕೋರಿನ್ ತೊಡೆಗೂ ಎದೆಗೂ ನಡುವೆ ಇದೆ. ಯಾರ ಕೈಗೂ ಸಿಗದ ಜಾಗ ಅದೊಂದೇ.

ವಿನಿ ಬೆಳೆದಳು. ಬೇಸಿಗೆಯ ಹೊತ್ತಿಗೆ ಹಳೆಯ ಅಂಗಿಗಳೆಲ್ಲ ಅವಳಿಗೆ ಬಿಗಿಯಾದವು. ಲಮಾರ್ ಅವನ್ನು ಮೂಟೆ ಕಟ್ಟಿ ಚರ್ಚಿಗೆ ಕೊಡಲಿಲ್ಲ, ಒಗೆದು ಮಡಚಿಟ್ಟ. ಬೇಕಾದವು.

ಶಾಲೆ ಶುರುವಾದ ದಿನ ವಿನಿ ಚೀಲ ಏರಿಸಿಕೊಂಡು ಅಮ್ಮನ ಮಂಚದ ಹತ್ತಿರ ಬಂದಳು. ಬಾಗಿದಳು. ತನ್ನದೇ ಆಗಿದ್ದ ನೀಲಿ ಉಣ್ಣೆ ಅಂಗಿಯ ಗುಂಡಿಗಳನ್ನು ಅಮ್ಮನಿಗೆ ಹಾಕಿಕೊಟ್ಟಳು, ಮೇಲಿನಿಂದ ಕೆಳಕ್ಕೆ, ನಿಧಾನವಾಗಿ. ಆಮೇಲೆ ಅಂಗಿಯ ಅಂಚು ಹಿಡಿದು ಎಳೆದು ನೋಡಿದಳು.

"ಅಮ್ಮಾ, ಇದೂ ನಿನಗೆ ದೊಡ್ಡದಾಯ್ತು" ಎಂದಳು.