ಹುಳುಮನೆಯ ಕಿಟಕಿಯಲ್ಲಿ ಪೆಥಾಲಜಿ

"ಅಲ್ಲೇ ನಿಲ್ಲು, ಒಳಗೆ ಬರಬ್ಯಾಡ," ಅಂದಳು ಭದ್ರಾ.

ಬೀರಲಿಂಗ ಹೊಸಿಲಿಗೆ ಎತ್ತಿದ ಕಾಲನ್ನು ಹಾಗೇ ಹಿಂದಕ್ಕಿಟ್ಟ. ಕುದೂರಿನಲ್ಲಿ ಬಸ್ಸು ಹತ್ತುವ ಮುಂಚೆ ಪುಣ್ಯಾತ್ಮ ಸೆಂಟು ಬೇರೆ ಹಾಕಿಕೊಂಡಿದ್ದ. ರೇಷ್ಮೆಹುಳು ಸಾಕುವ ಮನೆಯೊಳಕ್ಕೆ ಸೋಂಕಿನ ಭಯಕ್ಕೆ ಹೊರಗಿನವರನ್ನೇ ಬಿಡುವುದಿಲ್ಲ, ಇನ್ನು ಹುಳುಗಳಿಗಾಗದ ವಾಸನೆ ಬಳಿದುಕೊಂಡು ಘಮಘಮ ಅನ್ನುವವನನ್ನು ಬಿಡುತ್ತಾರೆಯೇ? ಮುಖ ಸಣ್ಣ ಮಾಡಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತ.

ಮಾಗಡಿ ಸೀಮೆಗೆಲ್ಲ ರೇಷ್ಮೆಯ ಹುಚ್ಚು ಹಿಡಿದಿದ್ದ ಕಾಲ ಅದು. ಭದ್ರಾಳ ಊರಾದ ಕಲ್ಯದ ರಾಗಿ ಹೊಲಗಳೂ ಹಿಪ್ಪುನೇರಳೆ ತೋಟಗಳಾಗಿದ್ದವು. ಅವಳ ಮನೆಯಲ್ಲಿ ಹುಳುಗಳು ನಾಲ್ಕನೇ ಜ್ವರ ಕಳೆದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಎದ್ದಿದ್ದವು. ಎಷ್ಟು ಸೊಪ್ಪು ಹಾಕಿದರೂ ಸಾಲದು. ಅದರ ನಡುವೆ ಇವಳಿಗೆ ಪರೀಕ್ಷೆ. ಬೆಂಗಳೂರಿನ ಮೆಡಿಕಲ್ ಕಾಲೇಜಿನಲ್ಲಿ ಪೆಥಾಲಜಿ ಒಂದರಲ್ಲಿ ಫೇಲಾಗಿದ್ದಳು. ಮರುಪರೀಕ್ಷೆಗೆ ಹದಿನೆಂಟು ದಿನ ಉಳಿದಿತ್ತು. ಈ ಸಲವೂ ಫೇಲಾದರೆ ಓದು ಬಿಡಿಸಿ ದೊಡ್ಡಮಳೂರಿನ ಗಂಡಿಗೆ ಕೊಡುವುದೆಂದು ಅಪ್ಪ ಪುಟ್ಟಲಿಂಗಯ್ಯ ಹೇಳಿಬಿಟ್ಟಿದ್ದರು.

ಹೋದ ಸಲ ದಪ್ಪ ಪುಸ್ತಕ ಹಿಡಿದು ಅರ್ಧಕ್ಕೇ ಸೋತಿದ್ದಳು. ಅದಕ್ಕೇ ಚಿಕ್ಕದೊಂದು ಆರಿಸಿ ತಾ ಎಂದು ಕ್ಲಾಸ್‌ಮೇಟ್ ಬೀರಲಿಂಗನಿಗೆ ಕಾಗದ ಬರೆದಿದ್ದಳು. ಅವನು ಎರಡು ತಂದಿದ್ದ. ಎರಡನ್ನೂ ಓದಲು ಕೂತರೆ ಒಂದೂ ಮುಗಿಯುವಂತಿರಲಿಲ್ಲ.

"ತೆಳ್ಳಗಿರೋದೇ ತಗೋ. ಬೇಗ ಮುಗೀತದೆ," ಅಂದ.

ಅವಳಿಗೆ ಚುರ್ ಅಂತು. ಫೇಲಾದವಳಿಗೆ ಇಷ್ಟೇ ಸಾಕು ಅಂದುಕೊಂಡೆಯಾ ಎಂದು ಕೇಳಿದಳು. ಅವನು ಎರಡು ಪುಸ್ತಕವನ್ನೂ ಕಿಟಕಿಗೆ ಹಿಡಿದು, ನೀನೇ ಆರಿಸು ಅಂದ. ಕೊನೆಗೆ ಅವಳೇ ದಾರಿ ಹೇಳಿದಳು: ಎರಡರಿಂದಲೂ ಉರಿಯೂತದ ಪಾಠ ಓದು, ಸೊಪ್ಪು ಹಾಕುತ್ತಾ ಕೇಳುತ್ತೇನೆ, ತಲೆಯಲ್ಲಿ ಯಾವುದು ನಿಲ್ಲುತ್ತದೋ ನೋಡೋಣ.

ತೆಳುವಾದದ್ದರಲ್ಲಿ ಬರೀ ಪಟ್ಟಿ. ಕೆಂಪು, ಊತ, ಬಿಸಿ, ನೋವು. ಹುಳುಗಳ ಮೂರನೇ ತಟ್ಟೆಗೆ ಸೊಪ್ಪು ಹಾಕುವಷ್ಟರಲ್ಲಿ ಅದರಲ್ಲಿ ಎರಡು ಮರೆತಿದ್ದಳು. ಇನ್ನೊಂದು ಸ್ವಲ್ಪ ದಪ್ಪ. ರಕ್ತನಾಳ ಹಿಗ್ಗುತ್ತದೆ, ಅದಕ್ಕೇ ಕೆಂಪು, ಅದಕ್ಕೇ ಬಿಸಿ. ನೀರು ಹೊರಕ್ಕೆ ಸೋರುತ್ತದೆ, ಅದಕ್ಕೇ ಊತ. ಕೊನೆಯ ತಟ್ಟೆ ಮುಗಿದ ಮೇಲೂ ತಪ್ಪಿಲ್ಲದೆ ಒಪ್ಪಿಸಿದಳು.

"ಇದೇ ಇರ್ಲಿ. ಯಾಕೆ ಅಂತ ಹೇಳ್ದಿದ್ರೆ ನಂಗೆ ನಿಲ್ಲಲ್ಲ."

ಕಿಟಕಿಯ ಸರಳಿನ ನಡುವೆ ಪುಸ್ತಕ ಒಳಗೆ ಬಂತು. ಅವನು ಮಾತ್ರ ಅದನ್ನು ಬಿಡಲಿಲ್ಲ. ಅವಳೂ ಎಳೆಯಲಿಲ್ಲ. ಸೊಪ್ಪಿನ ಕಲೆ ಹತ್ತಿದ ಅವಳ ಬೆರಳುಗಳನ್ನೇ ನೋಡುತ್ತಾ ನಿಂತ.

"ನೀನಂದ್ರೆ ನಂಗಿಷ್ಟ," ಅಂದ.

"ಯಾಕೆ?"

"ವೈವಾದಲ್ಲಿ ನಾವೆಲ್ಲ ಗೊತ್ತಿಲ್ದಿದ್ದಕ್ಕೂ ಏನೋ ಒಂದು ಒದರಿ ಪಾಸಾದ್ವಿ. ಗೊತ್ತಿಲ್ಲ ಸಾರ್ ಅಂದೋಳು ನೀನೊಬ್ಳೇ. ಅದಕ್ಕೇ ಫೇಲಾದೆ. ಅದಕ್ಕೇ ಇಷ್ಟ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ತಲೆ ಎತ್ತಿ ನೋಡಿದರೆ ಅಂಗಳದಲ್ಲಿ ಸೊಪ್ಪಿನ ಹೊರೆ ಹೊತ್ತು ಅಪ್ಪ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬೀರಲಿಂಗನ ಕೈ ಹಿಂದಕ್ಕೆ ಸರಿಯಿತು. ಭದ್ರಾ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಪ್ಪಾ, ದೊಡ್ಡಮಳೂರಿನೋರಿಗೆ ಬರಬ್ಯಾಡಿ ಅನ್ನು. ಪಾಸಾದ್ರೂ ಅಷ್ಟೆ, ಫೇಲಾದ್ರೂ ಅಷ್ಟೆ."

ಪುಟ್ಟಲಿಂಗಯ್ಯ ಹೊರೆ ಇಳಿಸಲಿಲ್ಲ. ಹುಡುಗನ ಕಡೆ ತಿರುಗಿದರು.

"ನಿಜ ಹೇಳಿದ್ದಕ್ಕಾ ಫೇಲ್ ಮಾಡಿದ್ರು?"

"ಹೂಂ, ಯಜಮಾನ್ರೇ."

ಹೊರೆ ಧೊಪ್ಪೆಂದು ಕೆಳಗೆ ಬಿತ್ತು.

"ದೊಡ್ಡಮಳೂರಿಗೆ ನಾನು ಹೇಳಿ ಕಳಿಸ್ತೀನಿ," ಅಂದರು ಪುಟ್ಟಲಿಂಗಯ್ಯ. "ನೀನ್ಯಾಕಪ್ಪಾ ಸುಮ್ಕೆ ನಿಂತಿದ್ದೀಯ? ಹದಿನೆಂಟೇ ದಿನ ಐತೆ, ಮುಂದಕ್ಕೆ ಓದು."