ಹಿಮ್ಮಡಿಯ ಬೆಕ್ಕು

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಮೂಳೆ ವಾರ್ಡಿನ ಒಂಬತ್ತನೇ ಹಾಸಿಗೆಯ ಪಕ್ಕ ನಿಂತು ಸಿಸ್ಟರ್ ಕೈಸನ್ನೆಯಲ್ಲಿ ಸೋಲುತ್ತಿದ್ದಳು.

ಹಾಸಿಗೆಯಲ್ಲಿದ್ದ ಅಜ್ಜಿಗೆ ಇಲ್ಲಿಯ ಮಾತು ಒಂದಕ್ಷರವೂ ಬರದು. ಮೆಟ್ಟಿಲಲ್ಲಿ ಜಾರಿ ಬಲಗಾಲು ಮುರಿದುಕೊಂಡಿದ್ದರು. ಬೆರಳ ಬುಡದಿಂದ ಮೊಣಕಾಲಿನವರೆಗೆ ಹೊಸ ಪ್ಲಾಸ್ಟರ್. ಇದ್ದೊಬ್ಬ ಮಗಳು ಹಡಗೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಹಡಗು ದಡ ಸೇರಲು ಇನ್ನೂ ವಾರಗಳಿದ್ದವು. ಪಕ್ಕದ ಮನೆಯವರು ತಂದು ಸೇರಿಸಿ ಹೋಗಿದ್ದರು.

ರಾತ್ರಿ ನಿದ್ದೆ ಬಂತಾ ಎಂದು ಕೇಳಲು ಸಿಸ್ಟರ್ ಕಣ್ಣು ಮುಚ್ಚಿ, ಅಂಗೈಯ ಮೇಲೆ ಕೆನ್ನೆಯಿಟ್ಟು ತೋರಿಸಿದಳು. ಅಜ್ಜಿ ಪಾಪ ಎಂಬಂತೆ ನೋಡಿ, ಕಷ್ಟಪಟ್ಟು ಪಕ್ಕಕ್ಕೆ ಸರಿದು, ಅವಳಿಗೆ ಮಲಗಲು ಜಾಗ ಮಾಡಿಕೊಟ್ಟರು.

ಹಿಂದಿನಿಂದ ಯಾರೋ ನಕ್ಕರು.

"ಮಲಗಿಬಿಡಿ ಸಿಸ್ಟರ್. ಇಷ್ಟು ಪ್ರೀತಿಯಿಂದ ಯಾರು ಕರೀತಾರೆ?"

ತಿರುಗಿದಳು. ಎತ್ತರದ ಹುಡುಗ, ಹೆಗಲಿಗೊಂದು ಬಟ್ಟೆಯ ಚೀಲ, ಇನ್ನೂ ಒಣಗದ ಕೂದಲು, ಸೋಪಿನ ಪರಿಮಳ. "ನಾನು ದುಭಾಷಿ. ಅಮ್ಮನ ಕಡೆಯಿಂದ ಅಜ್ಜಿಯ ಭಾಷೆ, ಅಪ್ಪನ ಕಡೆಯಿಂದ ನಿಮ್ಮದು."

"ಹಾಗಾದರೆ ಎರಡು ನಾಲಿಗೆ ಅನ್ನು," ಎಂದರು ಔಷಧಿ ಗಾಡಿ ತಳ್ಳಿಕೊಂಡು ಬಂದ ದೊಡ್ಡಕ್ಕ. ವಾರ್ಡಿನ ಹಿರಿಯ ನರ್ಸ್ ಅವರು. ಅವರಿಟ್ಟ ಹೆಸರು ಯಾರಿಗಾದರೂ ಅಂಟಿದರೆ ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. "ನೋಡಪ್ಪಾ, ಇದು ಮೂಳೆ ವಾರ್ಡು. ಇಲ್ಲಿ ಎಲುಬಿಲ್ಲದ್ದು ಅಂದರೆ ನಿನ್ನ ನಾಲಿಗೆ ಒಂದೇ. ಜೋಪಾನ."

ಎಲ್ಲರೂ ನಕ್ಕರು. ಅರ್ಥವಾಗದಿದ್ದರೂ ಅಜ್ಜಿಯೂ ನಕ್ಕರು.

ಪ್ಲಾಸ್ಟರಿನ ಒಳಗೆ ಏನು ನಡೆಯುತ್ತಿದೆ ಎಂಬುದು ಯಾರ ಕಣ್ಣಿಗೂ ಕಾಣದು. ಕಾಲ್ಬೆರಳ ಉಗುರನ್ನು ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು, ಬೆರಳು ಬೆಚ್ಚಗಿರಬೇಕು. ಉಳಿದದ್ದನ್ನು ರೋಗಿಯೇ ಬಾಯಿಬಿಟ್ಟು ಹೇಳಬೇಕು. ಅದಕ್ಕೇ ದಿನಾ ಬೆಳಗ್ಗೆ ಸಿಸ್ಟರ್ ಅದೇ ಪ್ರಶ್ನೆ ಕೇಳುತ್ತಿದ್ದಳು: ಒಳಗೆ ಉರಿ, ಜೋಮು, ಒತ್ತು ಏನಾದರೂ ಇದೆಯಾ?

ಮೊದಮೊದಲು ಏನೂ ಇರಲಿಲ್ಲ. ಅದೇ ವಾರದ ಕೊನೆಗೆ ಒಂದು ಬೆಳಗ್ಗೆ ಅಜ್ಜಿ ಬಹಳ ಹೊತ್ತು ಏನೋ ಹೇಳಿದರು.

"ಬೆಕ್ಕು ಬಂದು ಕೂತಿದೆ ಅಂತಾರೆ," ಎಂದನು ದುಭಾಷಿ.

"ಬೆಕ್ಕಾ? ವಾರ್ಡಿನಲ್ಲಾ?" ಸಿಸ್ಟರ್ ಬಗ್ಗಿ ಮಂಚದ ಕೆಳಗೆ ನೋಡಿದಳು. ಆಮೇಲೆ ತನಗೇ ತಡೆಯಲಾಗದೆ ಕಿಸಕ್ಕನೆ ನಕ್ಕಳು.

ಅವನು ಆ ನಗುವನ್ನೇ ನೋಡುತ್ತಾ ನಿಂತ. ಏನೋ ಹೇಳಲು ತೆರೆದ ಬಾಯಿ ಒಂದು ಕ್ಷಣ ಹಾಗೇ ಉಳಿಯಿತು.

"ನಿಮಗೇ ಅಂದದ್ದು," ಎಂದ. "ನೀವು ಬಂದದ್ದೇ ಗೊತ್ತಾಗಲ್ಲವಂತೆ. ಬೆಕ್ಕಿನ ನಡಿಗೆಯಂತೆ."

"ಹೌದಾ?" ಅವಳು ತನ್ನ ಬಿಳಿ ಶೂ ನೋಡಿಕೊಂಡಳು. "ಉರಿ ಗಿರಿ?"

"ಏನಿಲ್ಲವಂತೆ."

ಆಮೇಲೆ ಬೆಳಗಿನ ಆ ಹತ್ತು ನಿಮಿಷ ಅವಳ ದಿನದ ನಡುಗಂಬವಾಯಿತು. ಮನೆಯಿಂದ ಹೊರಡುವಾಗ ಕನ್ನಡಿಯ ಮುಂದೆ ಎರಡು ಸಲ ನಿಲ್ಲುತ್ತಿದ್ದಳು. "ಯಾವ ರೋಗಿಗಮ್ಮಾ ಇಷ್ಟು ಅಲಂಕಾರ?" ಎಂದು ತಾಯಿ ಅಡುಗೆಮನೆಯಿಂದಲೇ ಕೇಳುತ್ತಿದ್ದಳು.

"ಅಷ್ಟುದ್ದ ಮಾತಾಡಿದರಲ್ಲ ಅಜ್ಜಿ, ನೀವು ಹೇಳಿದ್ದು ಬರೀ 'ನಿದ್ದೆ ಬಂತಂತೆ'?"

"ನಮ್ಮ ಭಾಷೆಯಲ್ಲಿ ನಿದ್ದೆ ಉದ್ದ."

"ಈಗೇನಂದರು?"

"ನಿಮ್ಮ ಕೈ ಹಗುರವಂತೆ. ಸೂಜಿ ಚುಚ್ಚಿದ್ದೇ ತಿಳಿಯಲ್ಲವಂತೆ."

"ಇವತ್ತು ಸೂಜಿ ಚುಚ್ಚಿಲ್ಲ ನಾನು."

"ಅಷ್ಟು ಹಗುರ!"

ಇನ್ನೊಂದು ದಿನ: "ನಿಮಗೆ ಮದುವೆ ಆಗಿದೆಯಾ ಅಂತ ಕೇಳ್ತಿದ್ದಾರೆ."

"ಯಾರು?"

"ಅಜ್ಜಿ. ಮತ್ಯಾರು?" ಎಂದು ಕಿಟಕಿಯ ಕಡೆ ನೋಡಿದ. ಕಿವಿ ಕೆಂಪಾಗಿತ್ತು. ಒತ್ತಿ ಬಿಟ್ಟ ಉಗುರಿಗೆ ಬಣ್ಣ ಬರಲು ಎರಡು ಸೆಕೆಂಡು ಬೇಕು. ತನ್ನ ಕೆನ್ನೆಗೆ ಅದರ ಅರ್ಧವೂ ಬೇಕಾಗಲಿಲ್ಲವೆಂದು ಸಿಸ್ಟರ್‌ಗೆ ಅನಿಸಿತು.

ಅಜ್ಜಿಯ ಬಾಯಲ್ಲಿ ಅವನದೇ ಮಾತು ಬರುತ್ತಿದೆಯೇನೋ ಎಂಬ ಗುಮಾನಿ ಅವಳಿಗೆ ಇಲ್ಲದಿರಲಿಲ್ಲ. ಆ ಗುಮಾನಿ ಎಷ್ಟು ಸಿಹಿಯಾಗಿತ್ತೆಂದರೆ, ಬಿಡಿಸಿ ನೋಡಲು ಮನಸ್ಸಾಗಲಿಲ್ಲ. ಅಜ್ಜಿಯ ಮಾತಿನ ಜೊತೆಗೆ ಅವನದೂ ಒಂದಿಷ್ಟು ಸೇರಿಕೊಂಡಿದೆ ಅಂದುಕೊಂಡಿದ್ದಳು. ಅಜ್ಜಿಯ ಮಾತಿನ ಜಾಗದಲ್ಲೇ ಅವನದು ಕೂತಿರಬಹುದು ಎಂದು ಕನಸಿನಲ್ಲೂ ಅನಿಸಿರಲಿಲ್ಲ.

ಮೂರನೇ ವಾರದಲ್ಲಿ ಒಂದು ಬೆಳಗ್ಗೆ ಅಜ್ಜಿ ಅವಳ ಮಣಿಕಟ್ಟನ್ನು ಹಿಡಿದುಕೊಂಡರು. ಬಿಗಿಯಾಗಿ. ತಮ್ಮ ಕಡೆಗೆ ಎಳೆದರು, ಕಣ್ಣಲ್ಲಿ ನೀರಿತ್ತು. ಸಿಸ್ಟರ್ ದುಭಾಷಿಯ ಮುಖ ನೋಡಿದಳು.

ಅವನು ಚೀಲದ ಪಟ್ಟಿಯನ್ನು ಹೆಗಲ ಮೇಲೆ ಸರಿಪಡಿಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ: "ಈ ಹುಡುಗನನ್ನು ನಂಬಬಹುದು ಮಗಳೇ, ಅಂತಿದ್ದಾರೆ."

ಅವಳು ನಾಚಿ ನಕ್ಕಳು. ಅಜ್ಜಿಯ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. ಅಜ್ಜಿ ಕೈಬಿಟ್ಟು, ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಅವತ್ತು ಕ್ಯಾಂಟೀನಿನಲ್ಲಿ, ಎರಡು ಕಪ್ ಚಹಾದ ನಡುವೆ, ಅವನು ಯಾರ ಹೆಸರನ್ನೂ ಮುಂದೆ ಮಾಡದೆ ಕೇಳಿದ: "ಭಾನುವಾರ ನಿಮ್ಮ ಮನೆಗೆ ಬರಲಾ? ಅಮ್ಮನ ಹತ್ತಿರ ಮಾತಾಡ್ತೀನಿ."

"ಬಾ," ಎಂದಳು. ಮೊದಲ ಸಲ ಏಕವಚನ. ಅವನ ಚಹಾ ತಟ್ಟೆಗೆ ಚೆಲ್ಲಿತು.

ಮನೆಯಲ್ಲಿ ಹೇಳಿದ್ದೇ ತಡ, ತಾಯಿ ಕುರ್ಚಿಗಳಿಗೆಲ್ಲ ಹೊಸ ಹೊದಿಕೆ ಹಾಕಿದಳು.

ಶುಕ್ರವಾರ ಅಜ್ಜಿಯ ಮಗಳು ಬಂದಳು. ಹಡಗಿನಿಂದ ನೇರ ಬಂದಿದ್ದಳು. ಕೈಯಲ್ಲಿ ಟ್ರಂಕು, ಮೈಯಲ್ಲಿ ಎಣ್ಣೆಯ ವಾಸನೆ. ಬಂದರುಗಳಲ್ಲಿ ಕಲಿತ ಒರಟು ಮಾತಾದರೂ ಸಿಸ್ಟರ್‌ಗೆ ತಿಳಿಯುವಂತಿತ್ತು. ತಾಯಿಯ ತಲೆ ನೇವರಿಸುತ್ತಾ ಬಹಳ ಹೊತ್ತು ಕೇಳಿಸಿಕೊಂಡಳು. ಅವಳ ಮುಖ ಬರಬರುತ್ತಾ ಗಟ್ಟಿಯಾಯಿತು.

"ಸಿಸ್ಟರ್, ಅವ್ವ ಒಂದು ಮಾತು ಕೇಳ್ತಿದ್ದಾಳೆ."

"ಹೇಳಿ."

"ಉರಿ ಉರಿ ಅಂದಾಗಲೆಲ್ಲ ಈ ಹುಡುಗಿ ಯಾಕೆ ನಗ್ತಾಳೆ, ಅಂತ."

ಸಿಸ್ಟರ್‌ಗೆ ಮೊದಲು ಅರ್ಥವೇ ಆಗಲಿಲ್ಲ. "ಉರಿ ಅಂತ ಅವರು ಹೇಳೇ ಇಲ್ಲವಲ್ಲ?"

"ದಿನಾ ಹೇಳಿದ್ದಾಳೆ. ಹಿಮ್ಮಡಿ ಮೇಲೆ ಬೆಕ್ಕು ಕೂತಿದೆ, ಉಗುರು ಊರಿದೆ, ಏಳ್ತಾ ಇಲ್ಲ, ಅಂತ. ನಮ್ಮಲ್ಲಿ ನೋವನ್ನು ಹೆಸರು ಹಿಡಿದು ಕರೆಯಲ್ಲ ಸಿಸ್ಟರ್. ಕರೆದರೆ ಮನೆಯವರ ಹಾಗೆ ಬಂದು ಉಳಿದುಬಿಡುತ್ತೆ ಅಂತಾರೆ. ಉರಿಗೆ ಬೆಕ್ಕು ಅಂತೀವಿ." ತಾಯಿ ಮತ್ತೆ ಏನೋ ಅಂದರು. "ಮೂರು ದಿನದಿಂದ ಬೆಕ್ಕೂ ಇಲ್ಲವಂತೆ. ಹಿಮ್ಮಡಿಯೇ ಇಲ್ಲದ ಹಾಗಿದೆಯಂತೆ."

ಉರಿ ತಾನಾಗಿ ನಿಂತರೆ ಅದು ಗುಣವಲ್ಲ. ಒತ್ತಡದ ಕೆಳಗಿನ ಚರ್ಮ ಸತ್ತರೆ ಅದಕ್ಕೆ ಹೇಳಲು ಏನೂ ಉಳಿದಿರುವುದಿಲ್ಲ. ಸಿಸ್ಟರ್ ಓಡಿದಳು.

ಡಾಕ್ಟರ್ ಪ್ಲಾಸ್ಟರ್ ಕೊಯ್ದರು. ಮೊದಲು ವಾಸನೆ ಬಂತು. ಆಮೇಲೆ ಹತ್ತಿಯ ಕೆಳಗೆ, ಹಿಮ್ಮಡಿಯಲ್ಲಿ, ಕಪ್ಪಗೆ ಒದ್ದೆಯಾದ ಒಂದು ಗುಂಡಿ. ಕಾಗದದ ಅಳತೆಪಟ್ಟಿ ಇಟ್ಟು ದೊಡ್ಡಕ್ಕ ಓದಿದರು: ಉದ್ದ ನಾಲ್ಕು ಸೆಂಟಿಮೀಟರ್, ಅಗಲ ಮೂರು. ಅವರ ದನಿಯಲ್ಲಿ ತಮಾಷೆಯ ಎಳೆಯೂ ಇರಲಿಲ್ಲ.

ಡ್ರೆಸ್ಸಿಂಗ್ ಮುಗಿದ ಮೇಲೆ ಸಿಸ್ಟರ್ ಮಗಳನ್ನು ಕೇಳಿದಳು. ಕೇಳಬಾರದಿತ್ತು, ಕೇಳದೆ ಇರಲೂ ಆಗಲಿಲ್ಲ.

"ನನಗೆ ಮದುವೆ ಆಗಿದೆಯಾ ಅಂತ ನಿಮ್ಮ ತಾಯಿ ಕೇಳಿದ್ದರಾ?"

ಮಗಳು ತಾಯಿಯನ್ನು ಕೇಳಿದಳು. "ಇಲ್ಲವಂತೆ."

"ನನ್ನ ಕೈ ಹಗುರ ಅಂತ?"

"ಇಲ್ಲ."

"ಒಂದು ದಿನ ಕೈ ಹಿಡಿದು ಹೇಳಿದರಲ್ಲ... ಈ ಹುಡುಗನನ್ನು ನಂಬು ಅಂತ?"

ಅಜ್ಜಿ ಕಣ್ಣರಳಿಸಿದರು. ಮಗಳು ಅನುವಾದಿಸಿದಳು: "ಯಾವ ಹುಡುಗ? ಕೈ ಹಿಡಿದದ್ದು ಹಿಮ್ಮಡಿ ಮುಟ್ಟಿಸೋದಕ್ಕೆ."

ಬಟ್ಟೆ ಕೋಣೆಯಲ್ಲಿ, ಮಡಿಸಿಟ್ಟ ಬಿಳಿ ಚಾದರಗಳ ನಡುವೆ, ಅವನು ತಲೆ ತಗ್ಗಿಸಿ ನಿಂತಿದ್ದ.

"ಬೆಕ್ಕು ಅನ್ನೋ ಮಾತಿನ ಅರ್ಥ ನಿನಗೆ ಗೊತ್ತಿತ್ತಾ?"

ಅವನು ಒಂದು ಚಾದರದ ಅಂಚನ್ನು ನೇರ ಮಾಡಿದ.

"ಗೊತ್ತಿತ್ತಾ?"

"ಅಮ್ಮ ಮಂಡಿ ನೋವಿಗೆ ದಿನಾ ಅದನ್ನೇ ಅಂತಿದ್ದಳು." ತಲೆಯೆತ್ತಿದ. "ಮೊದಲ ದಿನ ಬಿಡಿಸಿ ಹೇಳೋನೇ ಇದ್ದೆ. ಅಷ್ಟರಲ್ಲಿ ನೀನು ನಕ್ಕೆ. ಅಷ್ಟು ಚೆನ್ನಾಗಿ ನಕ್ಕೆ. ಅದಾದ ಮೇಲೆ ಉರಿ ಅಂತ ಹೇಗೆ ಹೇಳೋದು?"

"ಬಾಯಿಂದ ಹೇಳೋದು. ನನ್ನ ನಗುವಿನ ಮೇಲೆ ಹಾಕಬೇಡ."

"ಪ್ಲಾಸ್ಟರ್ ಹಾಕಿದವರಿಗೆಲ್ಲ ಒಂದಿಷ್ಟು ಉರಿ ಇದ್ದೇ ಇರುತ್ತೆ ಅಂದುಕೊಂಡೆ. ನಾಳೆ ಹೇಳೋಣ ಅಂತ. ಹೇಳಿದ್ದರೆ ಡಾಕ್ಟರ್ ಬರ್ತಿದ್ದರು. ಆ ಹತ್ತು ನಿಮಿಷ ಅವರದಾಗ್ತಿತ್ತು. ನನಗಿದ್ದದ್ದೇ ಆ ಹತ್ತು ನಿಮಿಷ."

"ಅದು ಅಜ್ಜಿಯ ಹತ್ತು ನಿಮಿಷ ಕಣೋ!"

ಅವನು ಮುಂದೆ ಬಂದು ಅವಳ ಕೈ ಹಿಡಿದ. ಅವಳ ಕೈಗೆ ಬಿಡಿಸಿಕೊಳ್ಳುವುದು ಇನ್ನೂ ತಿಳಿದಿರಲಿಲ್ಲ, ಹಾಗೇ ಇತ್ತು.

"ಡಾಕ್ಟರ್ ವಿಚಾರಿಸ್ತಾರೆ," ಎಂದ. "ಆ ಮಾತು ನನಗೆ ಗೊತ್ತಿರಲಿಲ್ಲ ಅಂತ ಹೇಳ್ತೀನಿ. ನಿನ್ನನ್ನು ಕೇಳಿದರೆ ನೀನೂ ಹಾಗೇ ಹೇಳು. ತಪ್ಪು ಅರ್ಥ ಮಾಡಿಕೊಂಡ ಅಂತ. ಇಲ್ಲವಾದರೆ ನನ್ನನ್ನು ಯಾವ ಆಸ್ಪತ್ರೆಯೂ ಸೇರಿಸಲ್ಲ. ಭಾನುವಾರ ನಿಮ್ಮ ಮನೆಗೆ ಬರಬೇಕು ನಾನು."

ಈಗ ಅವಳ ಕೈಗೆ ತಿಳಿಯಿತು.

"ಬಂದು ನನ್ನ ಅಮ್ಮನ ಹತ್ತಿರ ಏನು ಹೇಳ್ತೀಯ? ಯಾರ ಬಾಯಿಂದ ಹೇಳ್ತೀಯ?"

ಸಂಜೆ ಡಾಕ್ಟರ್ ಮೇಜಿನ ಆಚೆಯಿಂದ ಒಂದೇ ಮಾತು ಕೇಳಿದರು: "ದುಭಾಷಿಗೆ ಅದರ ಅರ್ಥ ಗೊತ್ತಿತ್ತೇ?" ಪಕ್ಕದ ಕುರ್ಚಿಯಲ್ಲಿ ಅವನಿದ್ದ. ಅವನ ಮೊಣಕೈ ಅವಳ ಮೊಣಕೈಗೆ ತಾಗುವಷ್ಟು ಹತ್ತಿರ. ಅದೇ ಸೋಪಿನ ಪರಿಮಳ.

"ಗೊತ್ತಿತ್ತು," ಎಂದಳು.

ಮನೆಗೆ ಹೋಗಿ ಕುರ್ಚಿಗಳ ಹೊದಿಕೆಯನ್ನು ಒಂದೊಂದಾಗಿ ತೆಗೆದಳು. ತಾಯಿ ಆ ಕಡೆಯ ತುದಿ ಹಿಡಿದು ಮಡಿಸಲು ಕೈಜೋಡಿಸಿದಳು.

ಆಮೇಲಿನ ದಿನಗಳಲ್ಲಿ ಸಿಸ್ಟರ್ ಅಜ್ಜಿಯ ಮಗಳಿಂದ ಕೆಲವು ಪದ ಕಲಿತಳು. ಬೆಕ್ಕು. ಹಿಮ್ಮಡಿ. ಕೂತಿದೆಯಾ? ಹೋಯಿತಾ? ಅವಳ ಉಚ್ಚಾರಣೆಗೆ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವಳು ಮಾತ್ರ ನಗುತ್ತಿರಲಿಲ್ಲ. ಅಜ್ಜಿ ಬಾಯಿ ತೆರೆದರೆ ಸಾಕು, ಅವಳ ಮುಖ ಪರೀಕ್ಷೆಗೆ ಕೂತವರ ಹಾಗೆ ಬಿಗಿಯುತ್ತಿತ್ತು.

"ಅವ್ವ ಕೇಳ್ತಾಳೆ," ಎಂದಳು ಮಗಳು ಒಂದು ದಿನ, "ಈ ಹುಡುಗಿಗೆ ಹಲ್ಲುನೋವಾ? ನಗೋದೇ ಬಿಟ್ಟಿದ್ದಾಳಲ್ಲ."

ದೊಡ್ಡಕ್ಕ ಆಚೆ ತಿರುಗಿ ಕಣ್ಣೊರೆಸಿಕೊಂಡರು. ಎರಡು ನಾಲಿಗೆ ಎಂಬ ಹೆಸರನ್ನು ಅವರು ಮತ್ತೆ ಬಾಯಿಗೆ ತರಲಿಲ್ಲ.

ಕೆಲಸ ಬಿಡುವ ದಿನ ಅವನು ವಾರ್ಡಿನ ಬಾಗಿಲಿಗೆ ಬಂದ. ಅದೇ ಬಟ್ಟೆಯ ಚೀಲ. ಮಗಳು ನೀರು ತರಲು ಹೋಗಿದ್ದಳು. ಸಿಸ್ಟರ್ ಡ್ರೆಸ್ಸಿಂಗ್ ಬಿಚ್ಚುತ್ತಿದ್ದಳು.

"ಅಜ್ಜಿಗೆ ನನ್ನ ಪರವಾಗಿ ಕ್ಷಮೆ ಕೇಳ್ತೀಯಾ?"

"ಅವರ ಭಾಷೆ ಬರೋದು ನಿನಗೆ."

ಅವನು ಮಂಚದ ಪಕ್ಕ ಮೊಣಕಾಲೂರಿ ಕೂತು ಮಾತಾಡಿದ. ಬಹಳ ಹೊತ್ತು, ತಗ್ಗಿದ ದನಿಯಲ್ಲಿ, ತಡೆತಡೆದು. ಅಜ್ಜಿ ಸೂರು ನೋಡುತ್ತಾ ಕೇಳಿಸಿಕೊಂಡರು. ಆಮೇಲೆ ಅವನ ಕಡೆ ತಿರುಗಿ, ನಿಧಾನವಾಗಿ, ಉದ್ದವಾಗಿ ಏನೋ ಹೇಳಿದರು. ಹೇಳುತ್ತಾ ಒಮ್ಮೆ ಸಿಸ್ಟರ್ ಕಡೆ ಬೆರಳು ತೋರಿಸಿದರು.

"ಏನಂದರು?" ರೂಢಿಯಂತೆ ಅವಳ ಬಾಯಿಂದ ಬಂದುಬಿಟ್ಟಿತು.

ಅವನು ಬಾಯಿ ತೆರೆದ. ಕಣ್ಣು ತುಂಬಿ ಬಂದಿತ್ತು. ಈ ಸಲ ಅವನು ನಿಜವನ್ನೇ ಹೇಳಬಹುದಿತ್ತು; ಬಹುಶಃ ಹೇಳಲೆಂದೇ ಹೊರಟಿದ್ದ.

"ಏನು ಹೇಳಿದರೂ ನೀನು ನಂಬಲ್ಲ."

ಅವಳು ಅವನನ್ನು ನೋಡಿದಳು. ಒದ್ದೆ ಕೂದಲು, ಕೆಂಪು ಕಿವಿ, ಅವಳಿಗೆ ಬಾಯಿಪಾಠವಾಗಿದ್ದ ಮುಖ. ಯಾವುದೂ ಬದಲಾಗಿರಲಿಲ್ಲ.

"ಇಲ್ಲ," ಎಂದಳು. "ನಂಬಲ್ಲ."

ಅವನು ತಲೆಯಾಡಿಸಿ ಎದ್ದ. ಬಾಗಿಲ ತನಕ ಹೋಗಿ ನಿಂತ. "ಗಾಯ? ಮಾಯ್ತಾ ಇದೆಯಾ?"

ಅವಳು ಕಾಗದದ ಪಟ್ಟಿಯನ್ನು ಹಿಮ್ಮಡಿಗೆ ಹಿಡಿದಳು. ಬಗ್ಗಿ, ಕಣ್ಣು ಕಿರಿದು ಮಾಡಿ, ಈ ಅಂಚಿನಿಂದ ಆ ಅಂಚಿನವರೆಗೆ ಓದಿದಳು. ಹೇಳುವಾಗ ತಲೆಯೆತ್ತಲಿಲ್ಲ.

"ಉದ್ದ ಮೂರು ಸೆಂಟಿಮೀಟರ್ ಎರಡು ಮಿಲಿಮೀಟರ್."